ಕೆಟ್ಟ ಊರಿಗೆ ಬಂದ ಅಲೆಮಾರಿ: ಕಡಿಮೆ ದುಡ್ಡಿನಲ್ಲಿ ಆ್ಯಕ್ಷನ್ ಥ್ರಿಲ್ಲರ್ ಮಾಡುವ ಬಗೆ

ಬಸ್ಸು ನಿಲ್ಲುತ್ತದೆ. ಇಳಿಯುವುದು ಒಬ್ಬನೇ. ಹೆಗಲಿಗೆ ಒಂದು ಚೀಲ, ಬೂಟಿನ ಮೇಲೆ ಧೂಳು. ಬಸ್ಸು ಹೊರಟುಹೋದ ಮೇಲೆ ರಸ್ತೆಯ ಆ ಕಡೆ ಕೂತವರು ಮಾತು ನಿಲ್ಲಿಸಿ ಅವನನ್ನೇ ನೋಡುತ್ತಾರೆ. ಯಾರೂ ಏನೂ ಹೇಳಿಲ್ಲ. ಆದರೂ ಈ ಊರಲ್ಲಿ ಏನೋ ಸರಿಯಿಲ್ಲ ಅಂತ ನಮಗೆ ಗೊತ್ತಾಗಿಬಿಡುತ್ತದೆ.

ಈ ಥರದ ಸಿನಿಮಾ ಅಂದರೆ ನನಗೆ ಪ್ರಾಣ. ಇದರ ಬೇರು ಹಳೆಯದು. 1929ರಲ್ಲಿ ಡ್ಯಾಶಿಯಲ್ ಹ್ಯಾಮೆಟ್ ‘ರೆಡ್ ಹಾರ್ವೆಸ್ಟ್’ ಕಾದಂಬರಿ ತಂದರು. ಅದರಲ್ಲಿರುವುದು ಪರ್ಸನ್‌ವಿಲ್ ಅನ್ನುವ ಗಣಿ ಊರು. ಜನ ಕರೆಯುವುದು ಪಾಯ್ಸನ್‌ವಿಲ್ ಅಂತ. ಹೆಸರೇ ಇಲ್ಲದ ಪತ್ತೇದಾರನೊಬ್ಬ ಬಂದು ಅಲ್ಲಿನ ಗುಂಪುಗಳನ್ನು ಒಂದರ ಮೇಲೊಂದು ಎತ್ತಿಕಟ್ಟುತ್ತಾನೆ. 1961ರ ‘ಯೊಜಿಂಬೊ’ ಸಿನಿಮಾದಲ್ಲಿ ಜಪಾನಿನ ನಿರ್ದೇಶಕ ಕುರೊಸಾವಾ ಒಬ್ಬ ಅಲೆಮಾರಿ ಸಮುರಾಯ್‌ನನ್ನು ಎರಡು ಗುಂಪುಗಳಾಗಿ ಒಡೆದ ಊರಿಗೆ ತಂದು ನಿಲ್ಲಿಸಿದರು. 1964ರಲ್ಲಿ ಇಟಲಿಯ ಸೆರ್ಜಿಯೊ ಲಿಯೋನೆ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ನಲ್ಲಿ ಅದೇ ಕಥೆಗೆ ಪಿಸ್ತೂಲು ಕೊಟ್ಟರು. ಅಮೆರಿಕದಲ್ಲಿ ಷರೀಫ್ (ಜನ ಆರಿಸುವ ಪೊಲೀಸ್ ಮುಖ್ಯಸ್ಥ), ಪೆಟ್ರೋಲ್ ಬಂಕ್, ಹೆದ್ದಾರಿ ಇವೆಲ್ಲ ಸೇರಿಕೊಂಡ ಮೇಲೆ ಇದು ತನ್ನದೇ ಒಂದು ಜಾತಿಯ ಸಿನಿಮಾ ಆಯಿತು.

ಕಡಿಮೆ ದುಡ್ಡಿಗೆ ಇಷ್ಟು ಚೆನ್ನಾಗಿ ಒಗ್ಗುವ ಕಥೆ ಇನ್ನೊಂದಿಲ್ಲ. ಒಂದೇ ಊರು. ಎರಡು ಮೂರು ದಿನದ ಕಥೆ. ಹೀರೋಗೆ ಒಂದೇ ಜೊತೆ ಬಟ್ಟೆ. ಹಾಗಿದ್ದೂ ಜಾಸ್ತಿ ಜನ ಎಡವುತ್ತಾರೆ. ಯಾಕೆಂದರೆ ಅವರು ಹೀರೋನಿಂದ ಶುರು ಮಾಡುತ್ತಾರೆ. ಅವನ ಹಿಂದಿನ ಕಥೆ, ಅವನ ಫೈಟು, ಅವನ ನಡಿಗೆ. ನಾನು ಬರೆದ ಮೊದಲ ಸ್ಕ್ರಿಪ್ಟ್‌ನಲ್ಲೂ ಅದೇ ಆಯಿತು. ಓದಿದ ಗೆಳೆಯ ಒಂದೇ ಪ್ರಶ್ನೆ ಕೇಳಿದ: ‘ಈ ವಿಲನ್‌ಗೆ ದಿನಾ ದುಡ್ಡು ಎಲ್ಲಿಂದ ಬರುತ್ತೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ನಾನು ಬರೆಯಲು ಕೂರುವ ಕ್ರಮವೇ ಬದಲಾಯಿತು. ಆ ಕ್ರಮವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

1. ಮೊದಲು ಊರಿನ ಲೆಕ್ಕದ ಪುಸ್ತಕ ಬರೆಯಿರಿ

ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ಬೇಲಿ ದಿನಕ್ಕೆ ಎಷ್ಟು ಮೇಯುತ್ತದೆ, ಯಾರ ಹೊಲ, ಯಾರ ಪಾಲು ಎಷ್ಟು ಅನ್ನುವುದು ನಿಮಗೆ ಗೊತ್ತಿರಬೇಕು. ‘ಊರಿಗೆ ಊರೇ ಭ್ರಷ್ಟ’ ಅಂತ ಬರೆದುಕೊಂಡರೆ ಒಂದು ಸೀನೂ ಹುಟ್ಟುವುದಿಲ್ಲ. ‘ಹಿಡಿದ ತಲೆಗೆ ಇಷ್ಟು’ ಅಂತ ಬರೆದುಕೊಳ್ಳಿ, ಹತ್ತು ಸೀನ್ ತಾನಾಗಿ ಬರುತ್ತವೆ.

ಇದನ್ನು ಕಲಿಯಲು ನಿಜವಾಗಿ ನಡೆದದ್ದನ್ನೇ ಓದಬೇಕು. 1921ರ ಡಿಸೆಂಬರ್‌ನಲ್ಲಿ ನಡೆದದ್ದನ್ನೇ ನೋಡಿ. ಮಾರ್ಟಿನ್ ಟ್ಯಾಬರ್ಟ್ ಅಂತ 22 ವರ್ಷದ ಹುಡುಗ, ನಾರ್ತ್ ಡಕೋಟಾದ ರೈತರ ಮಗ. ಕೆಲಸ ಮಾಡಿಕೊಂಡು ದೇಶ ಸುತ್ತುತ್ತಿದ್ದ. ಫ್ಲಾರಿಡಾದ ಲಿಯಾನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಟಿಕೆಟ್ ಇಲ್ಲದೆ ರೈಲು ಹತ್ತಿದ್ದಕ್ಕೆ ಹಿಡಿದರು. ದಂಡ 25 ಡಾಲರ್. ಕಟ್ಟಲು ದುಡ್ಡಿರಲಿಲ್ಲ. ಕೌಂಟಿಯವರು ಅವನನ್ನು ಒಂದು ಮರದ ಕಂಪನಿಯ ಕ್ಯಾಂಪಿಗೆ ದುಡಿಯಲು ಕೊಟ್ಟರು. ಮನೆಯವರು ದುಡ್ಡು ಕಳಿಸಿದರು. ಅದು ಹಾಗೇ ವಾಪಸ್ ಬಂತು. ಎರಡು ತಿಂಗಳೂ ಆಗಿರಲಿಲ್ಲ, ಕ್ಯಾಂಪಿನ ಮೇಸ್ತ್ರಿಯ ಚಾಟಿ ಏಟು ತಿಂದು ಹುಡುಗ ಸತ್ತುಹೋದ. ಕಳಿಸಿದ ಒಬ್ಬೊಬ್ಬ ಕೈದಿಗೂ ಷರೀಫನಿಗೆ ಕಂಪನಿಯಿಂದ 20 ಡಾಲರ್ ಸಿಗುತ್ತಿತ್ತು ಅನ್ನುವುದು ಆಮೇಲೆ ಹೊರಬಂತು. ದೇಶವೇ ಸಿಟ್ಟಿಗೆದ್ದಿತು. 1923ರಲ್ಲಿ ಫ್ಲಾರಿಡಾ ಕೈದಿಗಳನ್ನು ಹೀಗೆ ಬಾಡಿಗೆಗೆ ಕೊಡುವುದನ್ನೇ ನಿಲ್ಲಿಸಬೇಕಾಯಿತು.

ಆ ವಾಪಸ್ ಬಂದ ದುಡ್ಡನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಲಕೋಟೆ ಒಡೆದು ನೋಡುವ ತಾಯಿ. ಅಷ್ಟು ಸಾಕು. ಗುಂಡು, ಬೆಂಕಿ ಏನೂ ಬೇಡ, ನೋಡುವವರ ರಕ್ತ ಕುದಿಯುತ್ತದೆ.

ಇನ್ನೊಂದು, ಟೆನೆಸಿಯ ಮೆಕ್‌ಮಿನ್ ಕೌಂಟಿ. ಅಲ್ಲೂ ಷರೀಫ್ ಕಚೇರಿಗೆ ಹಿಡಿದ ತಲೆಯ ಲೆಕ್ಕದಲ್ಲಿ ಫೀ. ಹಾಗಾಗಿ ಊರು ಹಾದುಹೋಗುವ ಬಸ್ಸುಗಳನ್ನು ತಡೆಯುತ್ತಿದ್ದರು. ಕುಡಿದಿದ್ದೀರಿ ಅಂತ ಪ್ರಯಾಣಿಕರನ್ನು ಇಳಿಸಿ ದಂಡ ಹಾಕುತ್ತಿದ್ದರು. ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಬಂದ ಸೈನಿಕರಿಗೆ ಇದು ತಡೆಯಲಾಗಲಿಲ್ಲ. 1946ರ ಚುನಾವಣೆಗೆ ಅವರೇ ಎದುರು ನಿಂತರು. ಆಗಸ್ಟ್ 1ರಂದು ಷರೀಫ್ ಕಡೆಯವರು ಮತಪೆಟ್ಟಿಗೆಗಳನ್ನು ಜೈಲಿನೊಳಕ್ಕೆ ಒಯ್ದರು. ರಾತ್ರಿಯಿಡೀ ಗುಂಡಿನ ಕಾಳಗ ನಡೆಯಿತು. ಕೊನೆಗೆ ಡೈನಮೈಟ್ ಎಸೆದ ಮೇಲೆ ಒಳಗಿದ್ದವರು ಶರಣಾದರು.

ಈಚಿನ ಕಾಲದ್ದೂ ಇವೆ. ಟೆಕ್ಸಸ್‌ನ ಟೆನಾಹಾ ಅನ್ನುವ ಪುಟ್ಟ ಊರಿನಲ್ಲಿ ದಾರಿಹೋಕರ ಕಾರು ತಡೆದು ನಗದು ಕಿತ್ತುಕೊಳ್ಳುತ್ತಿದ್ದರು. ಬಿಟ್ಟುಕೊಡದಿದ್ದರೆ ಮಕ್ಕಳನ್ನು ಸರ್ಕಾರದ ಸುಪರ್ದಿಗೆ ಕೊಡುತ್ತೇವೆ ಅಂತಲೂ ಹೆದರಿಸಿದ್ದುಂಟು. ಇದರ ಹಿಂದಿನ ಕಾನೂನು ವಿಚಿತ್ರ. ಅಲ್ಲಿ ಕೇಸು ಮನುಷ್ಯನ ಮೇಲಲ್ಲ, ದುಡ್ಡಿನ ಮೇಲೆ. ದುಡ್ಡು ತಪ್ಪು ಮಾಡಿಲ್ಲ ಅಂತ ಎಷ್ಟೋ ಸಲ ನೀವೇ ಸಾಬೀತು ಮಾಡಬೇಕಾಗುತ್ತದೆ. 2024ರ ‘ರೆಬೆಲ್ ರಿಡ್ಜ್’ ಸಿನಿಮಾದ ಕಥೆ ಶುರುವಾಗುವುದೇ ಈ ಕಾನೂನಿನಿಂದ. ಪೆನ್ಸಿಲ್ವೇನಿಯಾದ ಲೂಜರ್ನ್ ಕೌಂಟಿಯಲ್ಲಂತೂ ಮಕ್ಕಳನ್ನು ಸಣ್ಣಪುಟ್ಟ ತಪ್ಪಿಗೆ ಖಾಸಗಿ ಬಂದೀಖಾನೆಗೆ ಕಳಿಸುತ್ತಿದ್ದ ಇಬ್ಬರು ಜಡ್ಜ್‌ಗಳೇ ಸಿಕ್ಕಿಬಿದ್ದರು. ಅವರ ಕೈಗೆ ಸೇರಿದ್ದು ಸುಮಾರು 28 ಲಕ್ಷ ಡಾಲರ್.

ಈ ಎಲ್ಲದರಲ್ಲೂ ಒಂದು ವಿಷಯ ಸಮಾನ. ಮೋಸ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸುವಷ್ಟು ಸರಳ. ರಸೀದಿ ಇದೆ, ಸಹಿ ಇದೆ, ಸೀಲು ಇದೆ. ನಿಮ್ಮ ಊರಿನದೂ ಹಾಗೇ ಇರಲಿ.

ಈಗ ಒಂದು ಹಾಳೆ ತಗೊಂಡು ನಿಮ್ಮ ಊರಿನ ಲೆಕ್ಕ ಬರೆಯಿರಿ. ದುಡ್ಡು ಯಾರ ಜೇಬಿನಿಂದ ಹೊರಡುತ್ತದೆ? ಯಾರು ವಸೂಲಿ ಮಾಡುತ್ತಾರೆ? ಎಷ್ಟು ಕೈ ದಾಟುತ್ತದೆ? ಗೊತ್ತಿದ್ದೂ ಬಾಯಿ ಬಿಡದವರು ಯಾರು, ಅವರಿಗೆ ಸಿಗುವುದೇನು? ಹೋದ ವರ್ಷ ಯಾರಿಗೆ ಜೀವ ಹೋಗುವಂಥ ಪೆಟ್ಟಾಯಿತು?

ನಾನು ಒಂದು ಮಾದರಿ ಕೊಡುತ್ತೇನೆ, ಕೊನೆತನಕ ಇದನ್ನೇ ಹಿಡಿದುಕೊಂಡು ಹೋಗೋಣ. ಹೆದ್ದಾರಿ ಪಕ್ಕದ ಊರು. ಪೊಲೀಸರು ಸಣ್ಣ ನೆಪ ಹುಡುಕಿ ಹೊರಗಿನವರ ಕಾರು ನಿಲ್ಲಿಸುತ್ತಾರೆ. ಕಾರನ್ನು ಎಳೆದು ಒಂದು ಯಾರ್ಡಿಗೆ ಹಾಕುತ್ತಾರೆ. ದಿನಕ್ಕೆ ಇಷ್ಟು ಅಂತ ಬಾಡಿಗೆ ಏರುತ್ತದೆ. ಕಟ್ಟಲಾಗದವರ ಕಾರು ಹರಾಜಿಗೆ. ಯಾರ್ಡು ಜಡ್ಜನ ಭಾವಮೈದುನನದು. ಷರೀಫನಿಗೆ ಕಾರಿಗೆ ಇಷ್ಟು ಅಂತ ಪಾಲು. ಇಷ್ಟೇ ಮೋಸ. ಆದರೆ ಯಾರ್ಡಿನ ಹಿಂದಿನ ಸಾಲಿನಲ್ಲಿ ಒಂದು ಕಾರು ನಿಂತಿದೆ. ಒಳಗೆ ಮಗುವಿನ ಸೀಟು ಇದೆ. ಅದನ್ನು ಬಿಡಿಸಿಕೊಳ್ಳಲು ಯಾರೂ ಬಂದಿಲ್ಲ, ಹರಾಜಿಗೂ ಹಾಕಿಲ್ಲ.

2. ಕೈಯಲ್ಲಿ ಏನಿದೆ ನೋಡಿಕೊಳ್ಳಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆಯನ್ನು ಮೊದಲು ಅಳೆಯಬೇಕು. ಕಥೆ ಬರೆದು ಆಮೇಲೆ ಲೊಕೇಶನ್ ಹುಡುಕಬೇಡಿ. ಕೇಳಿದರೆ ಸಿಗುವ ಜಾಗ, ಗಾಡಿ, ಪ್ರಾಣಿ, ಮನುಷ್ಯರು ಎಲ್ಲದರ ಪಟ್ಟಿ ಮಾಡಿ, ಅದರಿಂದ ಕಥೆ ಎತ್ತಿ.

ಇದಕ್ಕೆ ರಾಬರ್ಟ್ ರೊಡ್ರಿಗಸ್ ಅವರ 1992ರ ‘ಎಲ್ ಮಾರಿಯಾಚಿ’ಗಿಂತ ಒಳ್ಳೆಯ ಪಾಠ ಇಲ್ಲ. ಕೆಲಸ ಹುಡುಕುತ್ತ ಒಂದು ಊರಿಗೆ ಬರುವ ಹಾಡುಗಾರ, ಅವನನ್ನು ಕೊಲೆಗಾರ ಅಂತ ತಪ್ಪು ತಿಳಿಯುವ ಗ್ಯಾಂಗು. ಖರ್ಚು ಸುಮಾರು 7,000 ಡಾಲರ್. ಅದರಲ್ಲೂ ಒಂದು ಪಾಲನ್ನು ಅವರು ಔಷಧ ಪ್ರಯೋಗಕ್ಕೆ ತಮ್ಮ ಮೈಯನ್ನೇ ಒಡ್ಡಿ ಸಂಪಾದಿಸಿದ್ದರು. ಶೂಟಿಂಗ್ ನಡೆದದ್ದು ಮೆಕ್ಸಿಕೋದ ಗಡಿಯ ಸಿಯುದಾದ್ ಅಕುನ್ಯಾದಲ್ಲಿ, ಸುಮಾರು ಎರಡು ವಾರ. ಗೆಳೆಯನ ಕಡೆಯಿಂದ ಒಂದು ಬಸ್ಸು, ಒಂದು ನಾಯಿ, ಒಂದು ಬಾರ್ ಸಿಗುತ್ತಿತ್ತು, ಕಥೆಗೆ ಅವು ಬಂದವು. ದಾರಿಯಲ್ಲಿ ಒಂದು ಆಮೆ ಸಿಕ್ಕಿತು, ಅದೂ ಸಿನಿಮಾದಲ್ಲಿದೆ. ಕ್ಯಾಮೆರಾ ಓಡಿಸಲು ಟ್ರಾಲಿ ಬದಲು ವೀಲ್‌ಚೇರ್ ಬಳಸಿದರು. ಅಂಥ ಸಿನಿಮಾವನ್ನು ಕೊಲಂಬಿಯಾ ಪಿಕ್ಚರ್ಸ್ ಕೊಂಡುಕೊಂಡಿತು. ಬಿಡುಗಡೆಗೆ ಅಣಿಮಾಡಲು ಸ್ಟುಡಿಯೋ ಆಮೇಲೆ ಮೂಲ ಖರ್ಚಿನ ಎಷ್ಟೋ ಪಟ್ಟು ಹಾಕಿತು, ಅದನ್ನೂ ನೆನಪಿಡಿ. ಮುಗಿಸುವ ಖರ್ಚು ಬೇರೆಯೇ ಇರುತ್ತದೆ.

ನಮ್ಮ ಮಾದರಿಯಲ್ಲಿ ಹಳೇ ಕಾರುಗಳ ಯಾರ್ಡು ಒಂದು ಸಿಕ್ಕರೆ ಮುಕ್ಕಾಲು ಸಿನಿಮಾ ಸಿಕ್ಕ ಹಾಗೆ. ಅದೇ ಮೋಸ ನಡೆಯುವ ಜಾಗ, ಅದೇ ಹೀರೋ ಸಿಕ್ಕಿಹಾಕಿಕೊಳ್ಳುವ ಜಾಗ, ಅದೇ ಕೊನೆಯ ಫೈಟಿನ ಜಾಗ. ಅದರ ಜೊತೆ ಒಂದು ಊಟದ ಹೋಟೆಲು, ಒಂದು ಬಾಡಿಗೆ ಕೋಣೆ, ಒಂದು ಕಚೇರಿ, ಒಂದಿಷ್ಟು ಖಾಲಿ ರಸ್ತೆ. ಐದು ಜಾಗ ದಾಟಬೇಡಿ. ಒಂದು ಜಾಗದಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

3. ಅಲೆಮಾರಿ ಯಾಕೆ ಬಂದ, ಯಾಕೆ ಹೋಗುತ್ತಿಲ್ಲ

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದಿರಲಿ. ಎರಡನೆಯದು ಗಟ್ಟಿ ಇರಲಿ.

ಅವನ ಹಿಂದಿನ ಬದುಕನ್ನು ಐದು ನಿಮಿಷದ ಫ್ಲ್ಯಾಶ್‌ಬ್ಯಾಕ್ ಮಾಡಬೇಡಿ. ಅವನು ಬೂಟು ಬಿಚ್ಚಿ ಜೋಡಿಸಿಡುವ ರೀತಿ, ಬಾಗಿಲಿಗೆ ಎದುರಾಗಿಯೇ ಕೂರುವ ಅಭ್ಯಾಸ, ಇಷ್ಟರಲ್ಲಿ ಅರ್ಧ ಜೀವನ ಹೇಳಬಹುದು. ಜಾನ್ ಸ್ಟರ್ಜಸ್ ಅವರ 1955ರ ‘ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್’ನಲ್ಲಿ ಹೀರೋಗೆ ಒಂದು ಕೈ ಇಲ್ಲ. ಸೂಟು ಹಾಕಿದ ನಡುವಯಸ್ಸಿನವನು. ನಾಲ್ಕು ವರ್ಷದಿಂದ ನಿಲ್ಲದ ರೈಲು ಅವನಿಗಾಗಿ ನಿಲ್ಲುತ್ತದೆ, ಅಷ್ಟಕ್ಕೇ ಊರು ಬೆವರುತ್ತದೆ. ಅವನು ಬಂದಿರುವುದು ಯುದ್ಧದಲ್ಲಿ ಸತ್ತ ಗೆಳೆಯನ ಮೆಡಲನ್ನು ಅವನ ತಂದೆಗೆ ತಲುಪಿಸಲು ಅಂತ ನಮಗೆ ಗೊತ್ತಾಗುವುದು ಎಷ್ಟೋ ಹೊತ್ತಿನ ಮೇಲೆ. ಅವನು ಏನೂ ಮಾಡಿಲ್ಲ, ಒಂದು ಹೆಸರು ಕೇಳಿದ್ದಾನೆ ಅಷ್ಟೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಊರಿನವರ ಹೆದರಿಕೆಯೇ ಕಥೆಯನ್ನು ಮುಂದಕ್ಕೆ ತಳ್ಳುತ್ತದೆ.

ಇನ್ನು, ಅವನು ಹೋಗದಿರಲು ಕಾರಣ ಊರೇ ಆಗಿರಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಮಳೆ ಬಂತು, ಹುಡುಗಿ ಇಷ್ಟವಾದಳು ಅನ್ನುವ ಕಾರಣಗಳು ಸಡಿಲ. ಊರಿನ ಮೋಸದ ಯಂತ್ರವೇ ಅವನ ಕಾಲನ್ನೂ ಹಿಡಿದುಕೊಳ್ಳಲಿ. ನಮ್ಮ ಕಥೆಯಲ್ಲಿ ಅವನ ಹಳೇ ವ್ಯಾನು ಯಾರ್ಡಿನಲ್ಲಿದೆ. ದಿನ ಕಳೆದಂತೆ ಬಿಲ್ಲು ಏರುತ್ತಿದೆ. ಕಟ್ಟಲು ಊರಲ್ಲೇ ಕೂಲಿ ಮಾಡಬೇಕು. ಕೂಲಿ ಕೊಡುವವನೂ ಯಾರ್ಡಿನ ಮಾಲೀಕನೇ. ನೋಡಿ, ಈಗ ಅವನು ಕಾರುಗಳ ಸಾಲಿನ ನಡುವೆ ಓಡಾಡಲೇಬೇಕು, ಆ ಮಗುವಿನ ಸೀಟು ಕಣ್ಣಿಗೆ ಬೀಳಲೇಬೇಕು.

1982ರ ‘ಫಸ್ಟ್ ಬ್ಲಡ್’ ಇದನ್ನು ಉಲ್ಟಾ ಮಾಡುತ್ತದೆ. ಷರೀಫ್ ಹೀರೋನನ್ನು ಊರಾಚೆ ಬಿಟ್ಟು ಬರುತ್ತಾನೆ. ಅವನು ಒಂದು ಕ್ಷಣ ನಿಂತು, ತಿರುಗಿ, ಸೇತುವೆ ಮೇಲೆ ವಾಪಸ್ ನಡೆಯುತ್ತಾನೆ. ಮಾತಿಲ್ಲ. ಅವನ ಹಟ ಏನು ಅಂತ ಆ ನಡಿಗೆಯಲ್ಲೇ ಗೊತ್ತಾಗುತ್ತದೆ. ಒಳ್ಳೆಯ ನಟ ಸಿಕ್ಕಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಕಥೆ ಹಳೇ ಕಾಲದ್ದಾದರೆ ಇನ್ನೊಂದು ಅನುಕೂಲ ಇದೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಕೆಲಸವಿಲ್ಲದೆ ಸುಮ್ನೆ ಅಲೆಯುವುದೇ ಅಪರಾಧವಾಗಿತ್ತು. ಜಾಕ್ಸನ್‌ವಿಲ್ ನಗರದ ಅಂಥ ಕಾನೂನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1972ರಲ್ಲಿ. ಅದಕ್ಕೆ ಮುಂಚಿನ ಕಥೆಯಲ್ಲಿ ಪೊಲೀಸರಿಗೆ ನೆಪವೇ ಬೇಕಿಲ್ಲ.

ಈಗಿನ ಕಾಲದ ಕಥೆಯಾದರೆ ನೋಡುವವರು ಕೇಳುವ ಮೊದಲ ಪ್ರಶ್ನೆ: ‘ಫೋನ್ ಮಾಡಬಾರದಾ?’ ಫೋನ್ ಕಳೆದುಹೋಯಿತು, ನೆಟ್‌ವರ್ಕ್ ಇಲ್ಲ ಅಂತ ಜಾರಿಕೊಳ್ಳಬೇಡಿ. ಮಾಡಲಿ ಬಿಡಿ. ತುರ್ತು ನಂಬರಿಗೆ ಫೋನ್ ಮಾಡಿದರೆ ಎತ್ತುವುದು ಅದೇ ಷರೀಫ್ ಕಚೇರಿ. ಆ ಕಡೆಯ ದನಿ ಅವನ ಹೆಸರು ಹಿಡಿದು ಮಾತಾಡಿಸುತ್ತದೆ. ಅವನು ಹೆಸರು ಹೇಳಿರಲೇ ಇಲ್ಲ.

4. ಊರಿನ ಜನ

ಆರು ಮಂದಿ ಸಾಕು. ಒಬ್ಬೊಬ್ಬರಿಗೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಇರಲಿ.

ದೊಡ್ಡ ವಿಲನ್ ಕಿರುಚಬಾರದು. ಅವನು ಊರಿಗೆ ಆಸ್ಪತ್ರೆ ತಂದಿರಬಹುದು, ಶಾಲೆಗೆ ಬಸ್ಸು ಕೊಟ್ಟಿರಬಹುದು. ‘ಈ ದುಡ್ಡು ಇಲ್ಲದಿದ್ದರೆ ಊರು ಎಂದೋ ಖಾಲಿಯಾಗುತ್ತಿತ್ತು’ ಅಂತ ಅವನು ನಿಜವಾಗಿ ನಂಬಿರಬೇಕು. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇರಲಿ. ಗಣಿ ಮುಚ್ಚಿದ, ಕಾರ್ಖಾನೆ ಹೋದ ಊರುಗಳಲ್ಲಿ ದಂಡದ ದುಡ್ಡೇ ಸಂಬಳ ಕೊಡುವುದು ನಿಜವಾಗಿಯೂ ನಡೆಯುವಂಥದ್ದು.

ಅವನ ಕೆಳಗೆ ಕೈ ಮಾಡುವವನೊಬ್ಬ ಇರುತ್ತಾನೆ. ಹೊಡೆಯುವುದು ಅವನಿಗೆ ಇಷ್ಟ. ಅವನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದ್ದು ಹೊಸದಾಗಿ ಸೇರಿದ ಪೊಲೀಸಿನವನ ಬಗ್ಗೆ. ಅವನಿಗೆ ಗೊತ್ತು, ಆದರೆ ಮನೆ ಸಾಲ ಇದೆ. ಅವನು ಯಾವ ಕಡೆ ವಾಲುತ್ತಾನೆ ಅನ್ನುವ ಕುತೂಹಲ ಯಾವ ಫೈಟಿಗೂ ಕಡಿಮೆಯಿಲ್ಲ.

ಹೆಣ್ಣು ಪಾತ್ರವನ್ನು ಕಾಪಾಡಿಸಿಕೊಳ್ಳಲು ಮಾತ್ರ ಇಟ್ಟ ಸಿನಿಮಾಗಳು ಬೇಕಾದಷ್ಟಿವೆ. ಅದು ಸೋಮಾರಿತನ. ನಮ್ಮ ಕಥೆಯಲ್ಲಿ ಯಾರ್ಡಿನ ಕಿಟಕಿಯಲ್ಲಿ ಕೂತು ರಸೀದಿ ಹರಿಯುವವಳು ಇದ್ದಾಳಲ್ಲ, ಊರಿನ ಪೂರ್ತಿ ಲೆಕ್ಕ ಗೊತ್ತಿರುವುದು ಅವಳೊಬ್ಬಳಿಗೇ. ಹೀರೋಗೆ ಕೈ ಇದೆ, ಅವಳ ಹತ್ತಿರ ಪುಸ್ತಕ ಇದೆ. ಒಬ್ಬರಿಲ್ಲದೆ ಇನ್ನೊಬ್ಬರು ಗೆಲ್ಲಲಾಗದು.

5. ಗಡಿಯಾರ ಇಡಿ

ಇಡೀ ಕಥೆ ಎರಡು ಮೂರು ದಿನದಲ್ಲಿ ಮುಗಿಯಲಿ. ‘ಬ್ಲ್ಯಾಕ್ ರಾಕ್’ ಮುಗಿಯುವುದು ಒಂದೇ ದಿನದಲ್ಲಿ, ಸಿನಿಮಾದ ಉದ್ದ 81 ನಿಮಿಷ. ಸ್ಕ್ರಿಪ್ಟಿನ ಒಂದು ಪುಟಕ್ಕೆ ಒಂದು ನಿಮಿಷ ಅನ್ನುವುದು ಎಲ್ಲರೂ ಹಿಡಿಯುವ ಲೆಕ್ಕ. 85 ಪುಟ ದಾಟದಂತೆ ನೋಡಿಕೊಳ್ಳಿ. ನಮಗೆ ಗಡುವು ತಾನಾಗೇ ಸಿಕ್ಕಿದೆ: ಶನಿವಾರ ಬೆಳಗ್ಗೆ ಹರಾಜು. ಹೀರೋ ಬಂದದ್ದು ಬುಧವಾರ ರಾತ್ರಿ.

6. ಒಂದು ಸೀನನ್ನು ಹತ್ತಿರದಿಂದ ನೋಡೋಣ

ಹೀರೋ ಮೊದಲ ಸಲ ಯಾರ್ಡಿನ ಕಿಟಕಿಗೆ ಬರುತ್ತಾನೆ. ಇದನ್ನು ಕೆಟ್ಟದಾಗಿ ಬರೆಯುವುದು ಬಲು ಸುಲಭ. ‘ನಮ್ಮ ಊರಲ್ಲಿ ನ್ಯಾಯ ಇಲ್ಲ, ಇಲ್ಲಿಂದ ಹೊರಟುಹೋಗಿ’ ಅಂತ ಅವಳಿಂದ ಹೇಳಿಸಿಬಿಡಬಹುದು. ಹಾಗೆ ಮಾಡಿದರೆ ಸೀನ್ ಅಲ್ಲೇ ಸತ್ತಿತು. ಬದಲಿಗೆ ಬರೀ ಬಿಲ್ಲಿನ ಬಗ್ಗೆ ಮಾತಾಡಿಸಿ.

‘ಎಷ್ಟಾಯ್ತು?’
‘ಎಳೆದು ತಂದಿದ್ದಕ್ಕೆ ಒಂದು ಚಾರ್ಜು. ನಿಲ್ಲಿಸಿದ್ದಕ್ಕೆ ಎರಡು ದಿನದ್ದು.’
‘ತಂದಿದ್ದು ನಿನ್ನೆ ರಾತ್ರಿ.’
‘ಹನ್ನೆರಡು ದಾಟಿದ್ರೆ ಎರಡು ದಿನ.’
‘ನನ್ನನ್ನ ನಿಲ್ಲಿಸಿದಾಗ ಹನ್ನೊಂದೂವರೆ.’
‘ಅಲ್ಲಿಂದ ಇಲ್ಲಿಗೆ ಬರೋಕೆ ಮುಕ್ಕಾಲು ಗಂಟೆ ಆಗುತ್ತೆ.’

ಅವನು ತಿರುಗಿ ಬಾಗಿಲಾಚೆ ನೋಡುತ್ತಾನೆ. ಅವನನ್ನು ನಿಲ್ಲಿಸಿದ ಜಾಗ ರಸ್ತೆಯ ಆ ಬದಿಗೇ ಇದೆ. ಟೈರಿನ ಗುರುತೂ ಕಾಣುತ್ತಿದೆ. ಅವಳಿಗೂ ಅದು ಗೊತ್ತು. ಅವಳು ತಲೆ ತಗ್ಗಿಸಿ ರಸೀದಿ ಪುಸ್ತಕದ ಕಾರ್ಬನ್ ಸರಿಮಾಡುತ್ತಾಳೆ. ಸಾಲಿನಲ್ಲಿ ಹಿಂದೆ ನಿಂತ ಮುದುಕ ಮೆಲ್ಲಗೆ ಅನ್ನುತ್ತಾನೆ: ‘ಕೊಟ್ಟು ಹೋಗಪ್ಪ.’

ಇಷ್ಟೇ. ಒಬ್ಬರೂ ದನಿ ಎತ್ತಲಿಲ್ಲ. ಮೋಸ ಹೇಗೆ ನಡೆಯುತ್ತದೆ ಅಂತ ಪೂರ್ತಿ ಗೊತ್ತಾಯಿತು. ಅವಳಿಗೆ ನಾಚಿಕೆ ಇದೆ ಅಂತ ಕಾರ್ಬನ್ ಹಾಳೆ ಹೇಳಿತು. ಊರು ಹೇಗೆ ಬದುಕುತ್ತಿದೆ ಅಂತ ಮುದುಕ ಎರಡು ಮಾತಿನಲ್ಲಿ ಹೇಳಿದ. ಶೂಟ್ ಮಾಡಲು ಒಂದು ಕೋಣೆ, ಮೂವರು ನಟರು, ಒಂದು ಬಾಗಿಲು ಸಾಕು. ನಿಮ್ಮ ಮಾತಿನ ಸೀನುಗಳು ಇಷ್ಟು ಬಿಗಿಯಿದ್ದರೆ ಆ್ಯಕ್ಷನ್ ಕಡಿಮೆಯಾದರೂ ಯಾರಿಗೂ ಕೊರತೆ ಅನಿಸುವುದಿಲ್ಲ.

7. ಫೈಟುಗಳು: ಮೂರೇ ಮೂರು

ಒಂದು ಚಿಕ್ಕದು, ಒಂದು ಹೀರೋ ಸೋಲುವುದು, ಒಂದು ಕೊನೆಯದು. ‘ಬ್ಲ್ಯಾಕ್ ರಾಕ್’ನಲ್ಲಿ ಒಂಟಿ ಕೈಯ ಹೀರೋ ಅವಮಾನದ ಮೇಲೆ ಅವಮಾನ ನುಂಗುತ್ತಾ ಹೋಗುತ್ತಾನೆ. ಅರ್ಧಕ್ಕಿಂತ ಜಾಸ್ತಿ ಸಿನಿಮಾ ಕಳೆದ ಮೇಲೆ ಮೊದಲ ಸಲ ಕೈ ಎತ್ತುತ್ತಾನೆ. ಕೆಲವೇ ಏಟು. ಅಷ್ಟು ಹೊತ್ತು ಕಾದ ನಮಗೆ ಅದು ಹಬ್ಬ. ‘ಫಸ್ಟ್ ಬ್ಲಡ್’ ಅಷ್ಟು ದೊಡ್ಡ ಹೆಸರು ಮಾಡಿದ ಆ್ಯಕ್ಷನ್ ಸಿನಿಮಾ, ಅದರಲ್ಲಿ ಸಾಯುವುದು ಒಬ್ಬನೇ. ತೂಕ ಬರುವುದು ಎಣಿಕೆಯಿಂದಲ್ಲ.

ನಮ್ಮ ಎರಡನೇ ಫೈಟನ್ನು ಬಿಡಿಸಿ ನೋಡಿ. ಕಾರುಗಳ ಎರಡು ಸಾಲಿನ ನಡುವಿನ ಇಕ್ಕಟ್ಟು ದಾರಿ. ಹೀರೋ ಒಬ್ಬ, ಎದುರಿಗೆ ಇಬ್ಬರು. ಮೊದಲು ಎತ್ತರದಿಂದ ಒಂದು ಅಗಲ ಶಾಟ್: ಯಾರು ಎಲ್ಲಿದ್ದಾರೆ, ಗೇಟು ಯಾವ ಕಡೆ ಅಂತ ತಿಳಿಯಲಿ. ಇದನ್ನು ಬಿಟ್ಟರೆ ಆಮೇಲಿನದೆಲ್ಲ ಗೊಂದಲ. ಎರಡನೆಯದು ಹೀರೋನ ಕಣ್ಣು, ಎಡಕ್ಕೆ ಬಲಕ್ಕೆ. ಮೂರನೆಯದು ಒಂದು ಕಾರಿನ ಬಾಗಿಲು ಅರ್ಧ ತೆರೆದಿರುವುದು. ನಾಲ್ಕು, ಮೊದಲನೆಯವನು ನುಗ್ಗುತ್ತಾನೆ, ಹೀರೋ ಬಾಗಿಲನ್ನು ಒದೆಯುತ್ತಾನೆ. ಬಾಗಿಲು ತಾಕುವುದನ್ನು ತೋರಿಸಬೇಡಿ. ಒದ್ದ ಕಾಲಿಂದ ನೇರ ಬಿದ್ದವನ ಮುಖಕ್ಕೆ ಕಟ್ ಮಾಡಿ, ನಡುವೆ ದಪ್ಪ ಸದ್ದು ಹಾಕಿ. ಐದು, ಎರಡನೆಯವನು ಹಿಂದಿನಿಂದ ತಬ್ಬಿ ಹಿಡಿಯುತ್ತಾನೆ. ಇದನ್ನು ಕತ್ತರಿಸದೆ ಹದಿನೈದು ಸೆಕೆಂಡು ಬಿಡಿ. ಇಬ್ಬರೂ ಏದುಸಿರು ಬಿಡಲಿ, ಕಾಲು ಜಾರಲಿ, ಗಾಜಿಗೆ ಮುಖ ಒತ್ತಲಿ. ಆರು, ಒಂದು ಸ್ಪ್ಯಾನರ್ ಮೇಲೇಳುತ್ತದೆ. ಏಳು, ಕೆಳಗೆ ಬಿದ್ದ ಹೀರೋನ ಕೈ. ಎಂಟು, ಕಿಟಕಿಯಿಂದ ನೋಡುತ್ತಿರುವ ಅವಳು ಪರದೆ ಎಳೆಯುತ್ತಾಳೆ.

ಎಂಟು ಶಾಟು, ಅರ್ಧ ದಿನದ ಕೆಲಸ. ಅದಕ್ಕೂ ಮುಂಚೆ ಎರಡು ದಿನ ಖಾಲಿ ಜಾಗದಲ್ಲಿ ನಿಧಾನವಾಗಿ ರಿಹರ್ಸಲ್ ಮಾಡಿಸಿ. ಏಟು ಕೊಡುವವನಿಗಿಂತ ತಿನ್ನುವವನು ಚೆನ್ನಾಗಿ ನಟಿಸಬೇಕು. ಏಟು ಬಿದ್ದಂತೆ ಅನಿಸುವುದು ಅವನಿಂದ.

ಮಾರನೆಯ ದಿನ ಹೀರೋ ನೋವಿನಲ್ಲಿರಬೇಕು. ಅಂಗಿ ಗುಂಡಿ ಹಾಕಲು ಬೆರಳು ಬಗ್ಗುತ್ತಿಲ್ಲ ಅನ್ನುವ ಒಂದು ಶಾಟು ತೆಗೆಯಿರಿ. ಕೊನೆಯ ಫೈಟಿನಲ್ಲಿ ಅವನು ಗೆಲ್ಲುತ್ತಾನೋ ಇಲ್ಲವೋ ಅನ್ನುವ ಅನುಮಾನ ಅಲ್ಲಿ ಹುಟ್ಟುತ್ತದೆ.

ಬಂದೂಕಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಸಲಿ ಬಂದೂಕು ಸೆಟ್ಟಿನೊಳಗೆ ಬರಲೇಬಾರದು. 1993ರಲ್ಲಿ ‘ದಿ ಕ್ರೋ’ ಸೆಟ್ಟಿನಲ್ಲಿ ನಳಿಕೆಯೊಳಗೆ ಉಳಿದುಹೋದ ಗುಂಡಿನ ತುದಿ, ಬರೀ ಮದ್ದಿನ ತೋಟಾ ಹಾರಿಸಿದಾಗ ಹೊರಬಂದು ನಟ ಬ್ರ್ಯಾಂಡನ್ ಲೀ ಅವರನ್ನು ಕೊಂದಿತು. 2021ರಲ್ಲಿ ‘ರಸ್ಟ್’ ಸೆಟ್ಟಿನಲ್ಲಿ ರಿವಾಲ್ವರ್‌ನೊಳಗೆ ಜೀವಂತ ಗುಂಡು ಇತ್ತು, ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಎರಡೂ ವೃತ್ತಿಪರರ ಸೆಟ್ಟುಗಳು. ನಮ್ಮಂಥ ಚಿಕ್ಕ ತಂಡಕ್ಕೆ ರಬ್ಬರಿನ ಬಂದೂಕು ಸಾಕು. ಬೆಂಕಿಯ ಮಿಂಚನ್ನು ಎಡಿಟಿಂಗ್‌ನಲ್ಲಿ ಒಂದೆರಡು ಫ್ರೇಮ್ ಹಾಕಬಹುದು, ಉಳಿದ ಕೆಲಸ ಸದ್ದಿನದು. ಹೊರಗೆ ಬಯಲಲ್ಲಿ ಆಟಿಕೆ ಬಂದೂಕು ಹಿಡಿದು ಶೂಟ್ ಮಾಡುವ ಮುಂಚೆ ಅಲ್ಲಿನ ಪೊಲೀಸರಿಗೆ ಬರಹದಲ್ಲಿ ತಿಳಿಸಿ, ಅನುಮತಿ ತಗೊಳ್ಳಿ. ದೂರದಿಂದ ನೋಡಿದವರಿಗೆ ಅದು ಆಟಿಕೆ ಅಂತ ಗೊತ್ತಾಗುವುದಿಲ್ಲ. ಪೊಲೀಸ್ ವೇಷದವರು ಸೆಟ್ಟು ಬಿಟ್ಟು ಹೊರಗೆ ಓಡಾಡದಂತೆಯೂ ನೋಡಿಕೊಳ್ಳಿ.

ಕಾರು ಚೇಸ್ ಬೇಡ. ನಿಂತ ಕಾರಿನಲ್ಲೇ ಭಯ ಹುಟ್ಟಿಸಬಹುದು. ರಾತ್ರಿ, ಖಾಲಿ ರಸ್ತೆ, ಹಿಂದಿನಿಂದ ಬಂದ ಹೆಡ್‌ಲೈಟು ನಿಧಾನವಾಗಿ ಕನ್ನಡಿ ತುಂಬುತ್ತದೆ, ಆಮೇಲೆ ಆರುತ್ತದೆ.

8. ಶೂಟಿಂಗ್ ದಿನಗಳು

ದಿನಕ್ಕೆ ನಾಲ್ಕೈದು ಪುಟ ತೆಗೆದರೆ ಹದಿನೆಂಟು ಇಪ್ಪತ್ತು ದಿನ ಬೇಕು. ಒಂದು ಜಾಗದ ಎಲ್ಲ ಸೀನು ಒಟ್ಟಿಗೆ ತೆಗೆಯಿರಿ. ಹೀರೋನ ಮುಖದ ಗಾಯ ಯಾವ ದಿನ ಎಷ್ಟು ಅಂತ ಫೋಟೋ ಹಿಡಿದಿಟ್ಟುಕೊಳ್ಳಿ, ಇಲ್ಲದಿದ್ದರೆ ಗಾಯ ಎಡಗೆನ್ನೆಯಿಂದ ಬಲಗೆನ್ನೆಗೆ ಹೋಗಿಬಿಡುತ್ತದೆ.

ರಾತ್ರಿ ಸೀನು ಕಡಿಮೆ ಮಾಡಿ. ಇರುವುದನ್ನು ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ, ಆಕಾಶ ಇನ್ನೂ ನೀಲಿ ಇರುವಾಗ ತೆಗೆಯಿರಿ. ಹೋಟೆಲ್ ಬೋರ್ಡು, ಕಾರಿನ ದೀಪ, ಟ್ಯೂಬ್‌ಲೈಟು ಇವೇ ನಿಮ್ಮ ಲೈಟುಗಳು.

ದುಡ್ಡು ಉಳಿಸಬಾರದ ಜಾಗ ಒಂದಿದೆ: ಸೌಂಡ್. ಚಿತ್ರ ಸ್ವಲ್ಪ ಕತ್ತಲಾದರೂ ಜನ ಕೂತು ನೋಡುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಒಳ್ಳೆಯ ಮೈಕು, ಅದನ್ನು ಹಿಡಿಯಲು ಬೇರೆ ಕೆಲಸವಿಲ್ಲದ ಒಬ್ಬರು, ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು ಹಿಡಿದ ಒಂದು ನಿಮಿಷದ ಮೌನ. ರೊಡ್ರಿಗಸ್ ಕ್ಯಾಮೆರಾಗೆ ಸದ್ದು ಹಿಡಿಯುವ ಶಕ್ತಿಯೇ ಇರಲಿಲ್ಲ. ಶಾಟ್ ಮುಗಿದ ಕೂಡಲೇ ನಟರಿಂದ ಅದೇ ಮಾತನ್ನು ಮತ್ತೆ ಆಡಿಸಿ ಟೇಪಿನಲ್ಲಿ ಹಿಡಿಯುತ್ತಿದ್ದರು. ತುಟಿ ಹೊಂದದ ಕಡೆ ಬೇರೆ ಶಾಟಿಗೆ ಕಟ್. ಆ ಸಿನಿಮಾದ ವೇಗ ಎಷ್ಟೋ ಕಡೆ ಹಾಗೆ ಹುಟ್ಟಿದ್ದು.

9. ಎಡಿಟಿಂಗ್ ಮತ್ತು ಕೊನೆಯ ಶಾಟ್

ಮೊದಲ ಹತ್ತು ನಿಮಿಷದಲ್ಲಿ ಹೀರೋ ಊರಿಗೆ ಬಂದಿರಬೇಕು, ವ್ಯಾನು ಕೈಬಿಟ್ಟು ಹೋಗಿರಬೇಕು, ಬಿಲ್ಲು ಕೈಗೆ ಬಂದಿರಬೇಕು. ಅದಕ್ಕೂ ಮುಂಚೆ ನೀವು ಕಷ್ಟಪಟ್ಟು ತೆಗೆದ ರಸ್ತೆಯ ಸುಂದರ ಶಾಟುಗಳನ್ನು ಕತ್ತರಿಸಿ. ಸಂಗೀತವನ್ನು ಫೈಟಿನ ಕೆಳಗೆ ಹಾಕಬೇಡಿ, ಫೈಟಿಗೆ ಮುಂಚಿನ ಮೌನದ ಕೆಳಗೆ ಹಾಕಿ, ಮೊದಲ ಏಟಿಗೆ ನಿಲ್ಲಿಸಿ. ಅಪರಿಚಿತರು ಐದು ಮಂದಿಯನ್ನು ಕೂರಿಸಿ ತೋರಿಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ‘ಊರಿನವರು ಮಾಡುತ್ತಿದ್ದ ಮೋಸ ಏನು?’ ಅಂತ ಕೇಳಿ. ಇಬ್ಬರು ತಡವರಿಸಿದರೂ ಮತ್ತೆ ಎಡಿಟಿಂಗ್ ಟೇಬಲ್ಲಿಗೆ ಹೋಗಿ.

ಕೊನೆಯಲ್ಲಿ ವಿಲನ್ ಬಿದ್ದರೆ ಮುಗಿಯಲಿಲ್ಲ. ಲೆಕ್ಕದ ಪುಸ್ತಕ ಮುಚ್ಚಬೇಕು. ನಮ್ಮ ಕಥೆಯಲ್ಲಿ ಶನಿವಾರ ಬೆಳಗಾಗಿದೆ. ಹರಾಜಿಗೆ ಬಂದವರು ಗೇಟಿನ ಹೊರಗೆ ನಿಂತಿದ್ದಾರೆ. ರಸೀದಿ ಹರಿಯುತ್ತಿದ್ದವಳು ಕಿಟಕಿಯಿಂದ ಹೊರಗೆ ಬಂದು, ಗೂಡಿನಲ್ಲಿ ತೂಗುಹಾಕಿದ್ದ ಕೀಲಿಗಳನ್ನೆಲ್ಲ ಒಂದು ಬಕೆಟ್ಟಿಗೆ ಸುರಿದು ನೆಲಕ್ಕಿಡುತ್ತಾಳೆ. ಹೀರೋ ತನ್ನ ಕೀಲಿ ಹುಡುಕಿ ತೆಗೆದುಕೊಳ್ಳುತ್ತಾನೆ. ಮಗುವಿನ ಸೀಟಿದ್ದ ಕಾರಿನ ಕೀಲಿಯನ್ನು ಎತ್ತಿ ಅವಳ ಕೈಗೆ ಕೊಡುತ್ತಾನೆ. ಇಲ್ಲಿ ಸಂಗೀತ ಪೂರ್ತಿ ತೆಗೆದುಬಿಡಿ. ವ್ಯಾನು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಗುವ ಸದ್ದು, ಬಕೆಟ್ಟಿನಲ್ಲಿ ಜನ ಕೀಲಿ ಹುಡುಕುವ ಸದ್ದು, ಇವೆರಡೇ ಇರಲಿ. ವ್ಯಾನು ದೂರ ಹೋದ ಮೇಲೂ ಕೀಲಿಗಳ ಸದ್ದನ್ನು ಕತ್ತಲೆ ಪರದೆಯ ಮೇಲೆ ಮೂರು ಸೆಕೆಂಡು ಬಿಡಿ.